ಮಳೆಕಾಡಿನ ಹೊಸ ಮರ: ಕೊಂಬೆ ಕೊಯ್ಯುವುದರಿಂದ ಹೆಸರು ಅಚ್ಚಾಗುವವರೆಗೆ

ಭೂಮಿಯ ಮೇಲೆ ಸುಮಾರು 73,000 ಬಗೆಯ ಮರಗಳಿವೆ ಎಂದು 2022ರಲ್ಲಿ ಬಂದ ಒಂದು ದೊಡ್ಡ ಅಧ್ಯಯನ ಅಂದಾಜು ಮಾಡಿತು. ಅದರಲ್ಲಿ 9,000ಕ್ಕೂ ಜಾಸ್ತಿ ಪ್ರಭೇದಗಳಿಗೆ ಇನ್ನೂ ಹೆಸರೇ ಇಲ್ಲ. ಈ ಹೆಸರಿಲ್ಲದವುಗಳಲ್ಲಿ ನೂರಕ್ಕೆ 40ರಷ್ಟು ದಕ್ಷಿಣ ಅಮೆರಿಕ ಒಂದರಲ್ಲೇ ಇರಬೇಕು ಎಂಬುದು ಅದೇ ಲೆಕ್ಕ. ಹಾಗಾದರೆ ಕಾಡಿಗೆ ಹೋಗಿ ಸುತ್ತಾಡಿದರೆ ಒಂದಾದರೂ ಸಿಗಬೇಕು, ಅಲ್ವಾ? ಸಿಗಬಹುದು. ಆದರೆ ಸಿಕ್ಕಿದ್ದು ಹೊಸದು ಎಂದು ಖಚಿತವಾಗುವುದು ಕಾಡಿನಲ್ಲಲ್ಲ. ಒಣಗಿದ ಗಿಡಗಳ ಹಾಳೆಗಳನ್ನು ಪೇರಿಸಿಟ್ಟಿರುವ ಹರ್ಬೇರಿಯಂನ ಮೇಜಿನ ಮೇಲೆ.

ಒಂದು ಮರ ಹೊಸದು ಎನ್ನಬೇಕಾದರೆ, ಈವರೆಗೆ ಹೆಸರಿಟ್ಟ ಯಾವ ಮರವೂ ಇದಲ್ಲ ಎಂದು ತೋರಿಸಬೇಕು. ಆ ಹೋಲಿಕೆಗೆ ಬೇಕಾದ ಸರಂಜಾಮು ಕಾಡಿನಿಂದ ಬರಬೇಕು. ಅರೆಬರೆ ತಂದರೆ ಮುಂದೆ ಎಷ್ಟು ತಲೆ ಕೆಡಿಸಿಕೊಂಡರೂ ಕೆಲಸ ಸಾಗುವುದಿಲ್ಲ. ಈ ಮಾರ್ಗದರ್ಶಿಯಲ್ಲಿ ಕೊಯ್ಯುವುದು, ಒಣಗಿಸುವುದು, ಬರೆದಿಡುವುದು ಇಂಥ ಒಣ ವಿಷಯಗಳಿಗೆ ಇಷ್ಟೊಂದು ಜಾಗ ಕೊಟ್ಟಿರುವುದು ಅದಕ್ಕೇ.

ಹೊರಡುವ ಮೊದಲು

ಮೊದಲು ಒಂದು ಕುಲವನ್ನೋ (ಹತ್ತಿರದ ಪ್ರಭೇದಗಳ ಗುಂಪು) ಒಂದು ಕುಟುಂಬವನ್ನೋ (ಹತ್ತಿರದ ಕುಲಗಳ ಗುಂಪು) ಹಿಡಿದುಕೊಳ್ಳಿ. ಎಲ್ಲ ಮರಗಳನ್ನೂ ಬಲ್ಲವರು ಯಾರೂ ಇಲ್ಲ. ಪಶ್ಚಿಮ ಅಮೆಜಾನಿನಲ್ಲಿ ಒಂದೇ ಹೆಕ್ಟೇರಿಗೆ 300ರ ಹತ್ತಿರ ಪ್ರಭೇದಗಳಿರುವ ಜಾಗಗಳಿವೆ, ಅದೂ 10 ಸೆಂಟಿಮೀಟರಿಗಿಂತ ದಪ್ಪ ಕಾಂಡದವನ್ನು ಮಾತ್ರ ಎಣಿಸಿದರೆ. ಬೋರ್ನಿಯೋದ ಲಂಬಿರ್‌ನಲ್ಲಿ 52 ಹೆಕ್ಟೇರಿನ ಒಂದು ಅಧ್ಯಯನ ತಾಕಿದೆ. ಅಲ್ಲಿ ಸಣ್ಣ ಮರಗಳೂ ಸೇರಿ ಸುಮಾರು 1,200 ಪ್ರಭೇದ. ಇಂಥ ಕಡೆ ತಯಾರಿಯಿಲ್ಲದೆ ಹೋದರೆ ಕಂಡದ್ದೆಲ್ಲಾ ಹೊಸದೇ. ಒಂದು ಗುಂಪನ್ನು ಚೆನ್ನಾಗಿ ಬಲ್ಲವರ ಕಣ್ಣಿಗೆ ಮಾತ್ರ "ಇದ್ಯಾಕೋ ಲೆಕ್ಕಕ್ಕೆ ಸಿಗುತ್ತಿಲ್ಲ" ಅನಿಸುವ ಮರ ಬೀಳುತ್ತದೆ.

ಆ ಗುಂಪಿನ ಮೇಲೆ ಬಂದ ಬರಹಗಳನ್ನೆಲ್ಲ ಒಟ್ಟು ಮಾಡಿ. ಹಳೆಯವು ಬಹುಪಾಲು ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿಯಲ್ಲಿ ಪುಕ್ಕಟೆ ಸಿಗುತ್ತವೆ. ಯಾವ ಹೆಸರು ಚಾಲ್ತಿಯಲ್ಲಿದೆ, ಯಾವುದು ಬಿದ್ದುಹೋಗಿದೆ ಎಂಬುದಕ್ಕೆ ಕ್ಯೂ ಸಸ್ಯೋದ್ಯಾನದ ಪ್ಲಾಂಟ್ಸ್ ಆಫ್ ದಿ ವರ್ಲ್ಡ್ ಆನ್‌ಲೈನ್ ನೋಡಿ. ಯಾರು ಎಲ್ಲಿ ಸಂಗ್ರಹಿಸಿದ್ದಾರೆ ಎಂಬುದಕ್ಕೆ ಜಗತ್ತಿನ ಜೀವಿಗಳ ದಾಖಲೆಗಳನ್ನು ಒಟ್ಟು ಮಾಡಿಟ್ಟ ಜಿಬಿಐಎಫ್ ಜಾಲತಾಣ ಇದೆ. ಅದರ ನಕ್ಷೆಯಲ್ಲಿ ಚುಕ್ಕಿ ಬಿದ್ದ ಜಾಗಗಳಿಗಿಂತ ಚುಕ್ಕಿಯೇ ಇಲ್ಲದ ಜಾಗಗಳನ್ನು ಗಮನಿಸಿ. ರಸ್ತೆ, ನದಿ, ಸಂಶೋಧನಾ ಕೇಂದ್ರಗಳ ಅಕ್ಕಪಕ್ಕ ಚುಕ್ಕಿಗಳು ಒತ್ತಾಗಿರುತ್ತವೆ. ಎರಡು ಕಣಿವೆ ದಾಟಿದರೆ ಖಾಲಿ. ಸುಣ್ಣಕಲ್ಲಿನ ಗುಡ್ಡ, ಬಿಳಿ ಮರಳಿನ ನೆಲ, ನಿಕ್ಕಲ್‌ನಂಥ ಲೋಹಗಳು ಹೆಚ್ಚಿರುವ ಮಣ್ಣು, ಮೋಡ ಕವಿಯುವ ಏಣುಗಳು: ಸುತ್ತಲಿನ ಕಾಡಿಗಿಂತ ಬೇರೆಯಾಗಿರುವ ಇಂಥ ತುಣುಕುಗಳಲ್ಲಿ ಬೇರೆಲ್ಲೂ ಇಲ್ಲದ ಮರಗಳು ಇರುವ ಸಾಧ್ಯತೆ ಜಾಸ್ತಿ.

ಇನ್ನು ಅನುಮತಿ. ಬೇಸರದ ಕೆಲಸ, ಆದರೆ ಇದನ್ನು ಬಿಟ್ಟರೆ ಉಳಿದದ್ದೆಲ್ಲ ವ್ಯರ್ಥ. ಕಾಡಿಗೆ ಹೋಗಲು ಒಂದು, ಮಾದರಿ ಕೊಯ್ಯಲು ಇನ್ನೊಂದು, ದೇಶದಿಂದ ಹೊರಗೆ ಕಳಿಸಲು ಮತ್ತೊಂದು ಪರವಾನಗಿ ಬೇಕಾಗಬಹುದು. 2014ರಲ್ಲಿ ಜಾರಿಗೆ ಬಂದ ನಗೋಯಾ ಒಪ್ಪಂದದ ಪ್ರಕಾರ, ಒಂದು ದೇಶದ ಜೈವಿಕ ಸಂಪತ್ತನ್ನು ಬಳಸುವವರು ಆ ದೇಶದ ಒಪ್ಪಿಗೆ ಪಡೆಯಬೇಕು, ಬಂದ ಲಾಭದಲ್ಲಿ ಪಾಲನ್ನೂ ಕೊಡಬೇಕು. ಬೀಟೆಯ ಕುಲದಂಥ ಕೆಲವು ಗುಂಪುಗಳಿಗೆ ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟ್ಸ್ ಒಪ್ಪಂದದ ಕಾಗದಪತ್ರವೂ ಸೇರಿಕೊಳ್ಳುತ್ತದೆ. ಸರ್ಕಾರದ ಮೊಹರಿದ್ದರೆ ಸಾಲದು. ಆ ಕಾಡು ಯಾರ ಊರಿನ ಸುತ್ತ ಇದೆಯೋ ಅವರನ್ನು ಕೇಳಿ, ಒಪ್ಪಿದ ಮೇಲೆ ಹೋಗಿ. ಆ ದೇಶದ ಸಸ್ಯಶಾಸ್ತ್ರಜ್ಞರನ್ನು ಮೊದಲ ದಿನದಿಂದಲೇ ಜೊತೆಗೆ ಸೇರಿಸಿಕೊಳ್ಳಿ. ಪ್ರಬಂಧ ಮುಗಿಯುವ ಹೊತ್ತಿಗೆ ನೆಪಕ್ಕೆ ಅವರ ಹೆಸರು ಸೇರಿಸುವುದು ಸಹಕಾರ ಅನ್ನಿಸಿಕೊಳ್ಳುವುದಿಲ್ಲ.

ಮರದ ಮುಂದೆ ನಿಂತಾಗ

ಮಳೆಕಾಡಿನಲ್ಲಿ ತಲೆ ಎತ್ತಿದರೆ ಎಲ್ಲವೂ ಹಸಿರು. ಎಲೆಗಳು 30 ಮೀಟರ್ ಮೇಲೆ. ಹೂವಿದೆಯೋ ಇಲ್ಲವೋ ದುರ್ಬೀನಿನಲ್ಲೂ ಸರಿಯಾಗಿ ಕಾಣದು. ಹಾಗಾಗಿ ಓದುವುದನ್ನು ಬುಡದಿಂದ ಶುರು ಮಾಡಬೇಕು.

ತೊಗಟೆಯಲ್ಲಿ ಹೆಬ್ಬೆರಳಿನ ಅಗಲದ ಸಣ್ಣ ಗಾಯ ಮಾಡಿ. ಅದಕ್ಕಿಂತ ದೊಡ್ಡದು ಬೇಡ, ಗಾಯದ ಮೂಲಕ ಶಿಲೀಂಧ್ರ ಒಳಹೊಗುತ್ತದೆ. ಹೊರತೊಗಟೆಯ ದಪ್ಪ, ಒಳತೊಗಟೆಯ ಬಣ್ಣ, ಅದರಲ್ಲಿ ಗೀರುಗಳಿವೆಯೇ ಎಂದು ನೋಡಿ. ಮೂಗು ಹತ್ತಿರ ತನ್ನಿ. ಆಮೇಲೆ ಒಂದೆರಡು ನಿಮಿಷ ಸುಮ್ನೆ ಕಾಯಿರಿ. ಕೆಲವು ಮರಗಳ ರಸ ತಡವಾಗಿ ಬರುತ್ತದೆ. ಜಾಯಿಕಾಯಿ ಕುಟುಂಬದ ಮರಗಳಲ್ಲಿ ಮೊದಲು ತಿಳಿಯಾಗಿ ಒಸರಿದ್ದು ನೋಡನೋಡುತ್ತ ರಕ್ತದಂತೆ ಕೆಂಪಾಗುವುದುಂಟು. ಬಿಳಿ ಹಾಲು ಬಂದರೆ ಹಲಸಿನ ಕುಟುಂಬ, ಸಪೋಟದ ಕುಟುಂಬ, ಕಣಗಿಲೆಯ ಕುಟುಂಬ ಇವನ್ನು ಮೊದಲು ನೆನೆಯಿರಿ. ಹಳದಿ ಅಂಟು ಬಂದರೆ ಮುರುಗಲಿನ ಕುಟುಂಬ ಇರಬಹುದು. ಧೂಪದ ಘಮ ಬಂದು ರಾಳ ಒಸರಿದರೆ ಧೂಪದ ಮರಗಳ ಕುಟುಂಬ, ಬರ್ಸರೇಸಿ. ತೊಗಟೆ ನಾರಿನಂತೆ ಉದ್ದಕ್ಕೆ ಸುಲಿದು ಬಂದರೆ ಸೀತಾಫಲದ ಕುಟುಂಬದ ಕಡೆ ಗಮನ ಹೋಗಬೇಕು.

ಎಲೆ ಸಿಕ್ಕ ಮೇಲೆ ಸುಳಿವು ಇನ್ನೂ ಹೆಚ್ಚು. ಎಲೆಗಳು ಎದುರುಬದುರು ಇವೆಯೇ, ಒಂದಾದ ಮೇಲೊಂದು ಬಂದಿವೆಯೇ? ಎದುರುಬದುರಾಗಿದ್ದು, ಎರಡು ತೊಟ್ಟುಗಳ ನಡುವೆ ಪುಟ್ಟ ಎಲೆಯಂಥ ಚೂರು ಕಂಡರೆ ಕಾಫಿಯ ಕುಟುಂಬ ಎನ್ನಲು ಧೈರ್ಯ ಬರುತ್ತದೆ. ಎಲೆಯನ್ನು ಬೆಳಕಿಗೆ ಹಿಡಿದಾಗ ಸೂಜಿ ಚುಚ್ಚಿದಂತೆ ಹೊಳೆಯುವ ಚುಕ್ಕಿಗಳಿದ್ದರೆ ನಿಂಬೆಯ ಇಲ್ಲವೇ ನೇರಳೆಯ ಕುಟುಂಬ. ಕಿವುಚಿ ಮೂಸಿ ನೋಡಿದರೆ ಇವೆರಡರ ಜಗಳ ಸಾಮಾನ್ಯವಾಗಿ ಬಗೆಹರಿಯುತ್ತದೆ. ಅಮೆರಿಕದ ಆಲ್ವಿನ್ ಜೆಂಟ್ರಿ ಹೂವಿಲ್ಲದ ಮರಗಳನ್ನು ಹೀಗೆ ಬರೀ ತೊಗಟೆ, ಎಲೆ, ರಸದಿಂದ ಗುರುತಿಸುವುದಕ್ಕೆ ಹೆಸರಾಗಿದ್ದರು. 1993ರಲ್ಲಿ ಈಕ್ವೆಡಾರ್‌ನಲ್ಲಿ ಕಾಡಿನ ಸಮೀಕ್ಷೆಗೆಂದು ಹಾರಿದ ವಿಮಾನ ಅಪಘಾತಕ್ಕೀಡಾಗಿ ತೀರಿಕೊಂಡರು. ಅವರು ತೋರಿಸಿಕೊಟ್ಟ ವಿಧಾನವನ್ನು ಉಷ್ಣವಲಯದ ಸಸ್ಯಶಾಸ್ತ್ರಜ್ಞರು ಇವತ್ತಿಗೂ ಬಳಸುತ್ತಾರೆ.

ಜೊತೆಗೆ ಬಂದ ಸ್ಥಳೀಯರನ್ನು ಕೇಳುವುದನ್ನಂತೂ ಮರೆಯಬೇಡಿ. ಬ್ರೆಜಿಲ್‌ನ ಅಟ್ಲಾಂಟಿಕ್ ಕಾಡಿನಲ್ಲಿ 40 ಮೀಟರ್‌ವರೆಗೆ ಬೆಳೆಯುವ ಒಂದು ದೈತ್ಯ ಮರವಿದೆ. ಅದರ ಕಾಯಿ ಅರ್ಧ ಮೀಟರ್ ಉದ್ದ, ನೋಡಲು ಮಚ್ಚಿನ ಒರೆಯ ಹಾಗೆ. ಅಲ್ಲಿಯವರು ಅದನ್ನು ಮಚ್ಚಿನ ಹೆಸರು ಸೇರಿಸಿಯೇ ಕರೆಯುತ್ತಿದ್ದರು. 2017ರಲ್ಲಿ ಅದು ವಿಜ್ಞಾನಕ್ಕೆ ಹೊಸ ಪ್ರಭೇದವಾಗಿ ಬಂದಾಗ ಆ ಹೆಸರೇ ಉಳಿಯಿತು: ಡಿನಿಜಿಯಾ ಜುಯೆರಾನಾ-ಫಕಾವ್. ಆ ಕುಲದಲ್ಲಿ ಒಂದೇ ಬಗೆಯ ಮರವಿದೆ ಎಂದು 1922ರಿಂದಲೂ ಎಲ್ಲರೂ ನಂಬಿದ್ದರು. "ಇವೆರಡೂ ಒಂದೇನಾ?" ಎಂದು ಊರಿನವರನ್ನು ಕೇಳಿ. ಅವರು ಬೇರೆ ಎಂದರೆ ಯಾಕೆ ಬೇರೆ ಎಂದೂ ಕೇಳಿ. ಮರ ಕಡಿದು, ಸೌದೆ ಒಡೆದು, ಹಣ್ಣು ಹೆಕ್ಕಿ ಬಲ್ಲವರ ಉತ್ತರದಲ್ಲಿ ನಿಮ್ಮ ಪುಸ್ತಕದಲ್ಲಿಲ್ಲದ ಲಕ್ಷಣ ಇರುತ್ತದೆ.

ಹೂವು, ಹಣ್ಣು ಬೇಕೇ ಬೇಕು

ಇಲ್ಲಿ ರಾಜಿ ಇಲ್ಲ. ಬರೀ ಎಲೆ ಇಟ್ಟುಕೊಂಡು ಹೊಸ ಮರದ ವಿವರಣೆ ಬರೆಯಲು ನಿಯಮದಲ್ಲಿ ಅಡ್ಡಿಯೇನೂ ಇಲ್ಲ, ಆದರೆ ನಂಬುವವರು ಕಡಿಮೆ. ಮರಗಳ ವರ್ಗೀಕರಣ ನಿಂತಿರುವುದೇ ಹೆಚ್ಚಾಗಿ ಹೂವು ಹಣ್ಣಿನ ಮೇಲೆ.

ಕೊಕ್ಕೊಲೊಬಾ ಜೈಗಾಂಟಿಫೋಲಿಯಾದ ಕತೆ ಕೇಳಿ. ಬ್ರೆಜಿಲ್‌ನ ಮದೇರಾ ನದಿಯ ಬಯಲಿನಲ್ಲಿ 1982ರಲ್ಲೇ ಸಂಶೋಧಕರು ಈ ಮರವನ್ನು ನೋಡಿದ್ದರು. ಅದರ ಎಲೆ ಎರಡೂವರೆ ಮೀಟರ್ ಉದ್ದದವರೆಗೂ ಬೆಳೆಯುತ್ತದೆ! ಇಷ್ಟು ದೊಡ್ಡ ಎಲೆಯ ಮರ ಎದುರಿಗಿದ್ದರೂ ಹೆಸರಿಡಲು ಆಗಲಿಲ್ಲ. ಬೇಕಾದ ಹೂವು ಹಣ್ಣು ಕೈಯಲ್ಲಿರಲಿಲ್ಲ. 2005ರಲ್ಲಿ ಬೀಜ ತಂದು ಮನೌಸ್‌ನ ಸಂಶೋಧನಾ ಸಂಸ್ಥೆಯ ಅಂಗಳದಲ್ಲಿ ಬಿತ್ತಿದರು. ಆ ಸಸಿಗಳು ಬೆಳೆದು ಹೂಬಿಟ್ಟು ಹಣ್ಣಾಗಲು 13 ವರ್ಷ ಹಿಡಿಯಿತು. ಹೆಸರು ಅಚ್ಚಾಗಿದ್ದು 2019ರಲ್ಲಿ.

ಅಷ್ಟು ಕಾಯುವುದು ಎಲ್ಲರಿಂದಲೂ ಆಗದು. ಅದಕ್ಕೆ ಒಂದೇ ಜಾಗಕ್ಕೆ ಬೇರೆ ಬೇರೆ ಋತುವಿನಲ್ಲಿ ಹೋಗಿ. ಅನುಮಾನ ಬಂದ ಮರಕ್ಕೆ ಸಂಖ್ಯೆಯ ತಗಡು ಕಟ್ಟಿ, ಜಿಪಿಎಸ್‌ನಲ್ಲಿ ಗುರುತಿಟ್ಟು, ಕಣ್ಣಿಡಲು ಹತ್ತಿರದವರಿಗೆ ಹೇಳಿ ಬನ್ನಿ. ಆಗ್ನೇಯ ಏಷ್ಯಾದ ಡಿಪ್ಟೆರೋಕಾರ್ಪ್ (ಸಾಲಮರದ ಕುಟುಂಬದ) ಮರಗಳಾದರೆ ಇನ್ನೊಂದು ಪೇಚು. ಅವು ಕೆಲವು ವರ್ಷಕ್ಕೊಮ್ಮೆ, ಇಡೀ ಕಾಡಿಗೆ ಕಾಡೇ ಒಟ್ಟಿಗೆ ಹೂಬಿಡುತ್ತವೆ. ಆ ವರ್ಷ ಸುದ್ದಿ ಬಂದ ಕೂಡಲೇ ಹೊರಡದಿದ್ದರೆ ಮತ್ತೆಷ್ಟೋ ವರ್ಷ ಕಾಯಬೇಕು.

ಕೊಂಬೆ ಕೆಳಗೆ ತರುವುದಕ್ಕೆ ಹಲವು ದಾರಿಗಳಿವೆ. ಚಿಕ್ಕ ಮರಕ್ಕೆ ಉದ್ದ ಗಳದ ತುದಿಗೆ ಕತ್ತರಿ ಕಟ್ಟಿದ ದೋಟಿ ಸಾಕು. ಅದಕ್ಕಿಂತ ಮೇಲಕ್ಕೆ ದೊಡ್ಡ ಕವಣೆಯಿಂದ ತೂಕದ ಚೀಲ ಕಟ್ಟಿದ ದಾರ ಹಾರಿಸಿ, ಆ ದಾರದಿಂದ ಹಗ್ಗ ಎಳೆದುಕೊಂಡು ಕೊಂಬೆ ಮುರಿಯಬಹುದು. ಅದಕ್ಕೂ ಮೇಲಿದ್ದರೆ ಹತ್ತಲೇಬೇಕು. ಹತ್ತುವುದನ್ನು ಕಲಿತವರು ಮಾತ್ರ ಹತ್ತಲಿ, ಹೆಲ್ಮೆಟ್ ಮತ್ತು ಹಗ್ಗದ ಸಜ್ಜು ಇಲ್ಲದೆ ಬೇಡ. ಕೆಳಗಿರುವವರು ಕೊಂಬೆ ಬೀಳುವ ಕಡೆ ನಿಲ್ಲಬಾರದು. ಮಳೆಕಾಡಿನಲ್ಲಿ ಹಾವಿಗಿಂತ ಹೆಚ್ಚು ಭಯಪಡಬೇಕಾದದ್ದು ಒಣಕೊಂಬೆಗಳಿಗೆ ಎಂಬುದು ನನ್ನ ಎಣಿಕೆ.

ನೆಲದ ಮೇಲೆ ಬಿದ್ದ ಹೂವನ್ನೂ ಹೆಕ್ಕಿ, ಆದರೆ ಪೂರ್ತಿ ನಂಬಬೇಡಿ. ಅದು ಪಕ್ಕದ ಮರದ್ದಿರಬಹುದು. ಇದೇ ಮರದ ತಲೆಯ ಮೇಲೆ ಹಬ್ಬಿದ ಬಳ್ಳಿಯದ್ದೂ ಇರಬಹುದು. ಒಂದು ಮರದ ಎಲೆ, ಇನ್ನೊಂದು ಬಳ್ಳಿಯ ಹೂವು ಒಂದೇ ಹಾಳೆಗೆ ಅಂಟಿಕೊಂಡು ಹಿಂದಿನವರನ್ನು ಎಡವಿಸಿದ್ದಿದೆ. ಕೊಂಬೆಗೇ ಅಂಟಿಕೊಂಡಿರುವ ಒಂದಾದರೂ ಹೂವು ಸಿಗುವವರೆಗೆ ಬಿದ್ದದ್ದನ್ನು ಬೇರೆ ಚೀಲದಲ್ಲಿಡಿ, ಬಿದ್ದದ್ದು ಎಂದು ಬರೆದಿಡಿ. ಗಂಡು ಹೂವಿನ ಮರವೇ ಬೇರೆ, ಹೆಣ್ಣು ಹೂವಿನ ಮರವೇ ಬೇರೆ ಇರುವ ಗುಂಪುಗಳಲ್ಲಿ ಎರಡನ್ನೂ ಹುಡುಕಬೇಕು. ಇಂಥ ಜೋಡಿಗಳಿಗೆ ಎರಡು ಬೇರೆ ಹೆಸರು ಬಿದ್ದ ಉದಾಹರಣೆಗಳೂ ಇವೆ.

ಒಣಗಿದ ಮೇಲೆ ಕಳೆದುಹೋಗುವುದನ್ನು ಬರೆದಿಡಿ

ನಿಮ್ಮ ಪ್ರತಿ ಸಂಗ್ರಹಕ್ಕೂ ಒಂದು ಸಂಖ್ಯೆ. ಈ ಸಂಖ್ಯೆ ಜೀವನಪೂರ್ತಿ ಒಂದೇ ಸಾಲಿನಲ್ಲಿ ಮುಂದುವರಿಯಬೇಕು. ಊರು ಬದಲಾಯಿತು, ವರ್ಷ ಬದಲಾಯಿತು ಎಂದು ಮತ್ತೆ 1ರಿಂದ ಶುರು ಮಾಡಬೇಡಿ. ಮುಂದೆ ಜಗತ್ತಿನ ಎಲ್ಲ ಕಡೆ ಆ ಮಾದರಿಯನ್ನು ಕರೆಯುವುದು ನಿಮ್ಮ ಹೆಸರು ಮತ್ತು ಆ ಸಂಖ್ಯೆಯಿಂದ. ಕೊಂಬೆ, ಹಣ್ಣಿನ ಚೀಲ, ಡಿಎನ್‌ಎಗೆಂದು ಇಟ್ಟ ಎಲೆ, ಫೋಟೋ, ಎಲ್ಲಕ್ಕೂ ಅದೇ ಸಂಖ್ಯೆ.

ಪುಸ್ತಕದಲ್ಲಿ ಮುಖ್ಯವಾಗಿ ಬರಬೇಕಾದದ್ದು ಒಣಗಿದ ಹಾಳೆ ಹೇಳಲಾರದ ಮಾತು. ಮರದ ಎತ್ತರ, ನೆಲದಿಂದ 1.3 ಮೀಟರ್ ಮೇಲೆ ಕಾಂಡದ ಅಡ್ಡಳತೆ, ಬುಡದಲ್ಲಿ ಹಲಗೆ ಬೇರುಗಳಿವೆಯೇ, ತೊಗಟೆ ಸಿಪ್ಪೆ ಏಳುತ್ತದೆಯೇ, ರಸದ ಬಣ್ಣ, ವಾಸನೆ. ಹೂವಿನ ಪ್ರತಿ ಭಾಗದ ಬಣ್ಣ ಬೇರೆ ಬೇರೆಯಾಗಿ. "ಹೂವು ಬಿಳಿ" ಎಂದು ಬರೆದರೆ ಸಾಲದು. ಎಸಳು ಹೊರಗೆ ಹಸಿರು ಮಿಶ್ರಿತ ಬಿಳಿ, ಒಳಗೆ ಬುಡದಲ್ಲಿ ನೇರಳೆ, ಕೇಸರ ಹಳದಿ, ಸಂಜೆ ಘಮ ಜಾಸ್ತಿ: ಹೀಗೆ ಬರೆಯಬೇಕು. ಒಣಗಿದ ಮೇಲೆ ಇವೆಲ್ಲವೂ ಒಂದೇ ಕಂದು ಬಣ್ಣ. ಅಕ್ಷಾಂಶ, ರೇಖಾಂಶ, ಸಮುದ್ರಮಟ್ಟದಿಂದ ಎತ್ತರ, ಮಣ್ಣು, ಇಳಿಜಾರು, ಜೊತೆಗೆ ಬೆಳೆದ ಮರಗಳು, ಇಂಥ ಮರ ಸುತ್ತಲೂ ಎಷ್ಟು ಕಂಡವು ಎಂಬ ಎಣಿಕೆ. ಕೊನೆಯದನ್ನು ಬಹಳ ಮಂದಿ ಬಿಡುತ್ತಾರೆ. ಅಳಿವಿನ ಅಪಾಯ ಅಂದಾಜು ಮಾಡುವಾಗ ಅದೇ ಬೇಕಾಗುವುದು.

ಫೋಟೋ ತೆಗೆಯುವಾಗ ಚೆಂದ ನೋಡಬೇಡಿ. ಎಲೆಯ ಮೇಲ್ಮೈ, ಅಡಿಮೈ, ತೊಟ್ಟಿನ ಬುಡ, ಚಿಗುರು, ಮೊಗ್ಗು, ಅರಳಿದ ಹೂವು ಎದುರಿನಿಂದ ಮತ್ತು ಪಕ್ಕದಿಂದ, ಸೀಳಿದ ಹೂವು, ಅಡ್ಡ ಕೊಯ್ದ ಹಣ್ಣು, ಬೀಜ. ಪಕ್ಕದಲ್ಲಿ ಅಳತೆಪಟ್ಟಿ.

ಒತ್ತುವುದು, ಒಣಗಿಸುವುದು

ಮೊದಲು ಡಿಎನ್‌ಎಗೆ ಎಲೆ. ಎಳೆಯ, ಶುದ್ಧವಾದ ಎಲೆಯ ಚೂರುಗಳನ್ನು ಸಿಲಿಕಾ ಜೆಲ್ ತುಂಬಿದ ಜಿಪ್ ಚೀಲಕ್ಕೆ ಹಾಕಿ. ಎಲೆಯ ತೂಕದ ಹತ್ತು ಪಟ್ಟು ಜೆಲ್ ಇರಲಿ. ಒಂದೆರಡು ದಿನದಲ್ಲಿ ಎಲೆ ಮುರಿದರೆ ಚಟ್ ಎನ್ನುವಷ್ಟು ಒಣಗಿರಬೇಕು. ಇದನ್ನು ಮೊದಲು ಮಾಡಬೇಕಾದ ಕಾರಣ, ಮುಂದಿನ ಹೆಜ್ಜೆಯಲ್ಲಿ ಬರುವ ಆಲ್ಕೋಹಾಲ್ ಡಿಎನ್‌ಎಯನ್ನು ಹಾಳು ಮಾಡುತ್ತದೆ.

ಒಂದೇ ಮರದಿಂದ ಐದಾರು ಜೊತೆ ಕೊಂಬೆ ತೆಗೆಯಿರಿ, ಮರಕ್ಕೆ ತೊಂದರೆಯಾಗದಿದ್ದರೆ ಮಾತ್ರ. ಹಾಳೆಯ ಅಳತೆ ಸುಮಾರು 42 ಸೆಂಟಿಮೀಟರ್ ಉದ್ದ, 28 ಅಗಲ. ಕೊಂಬೆ ಅದರೊಳಗೆ ಕೂರಬೇಕು. ನ್ಯೂಸ್‌ಪೇಪರಿನ ಮಡಿಕೆಯಲ್ಲಿ ಹರಡುವಾಗ ಕನಿಷ್ಠ ಒಂದು ಎಲೆಯನ್ನು ಮಗುಚಿ ಇಡಿ. ನೋಡಲು ಸಣ್ಣ ವಿಷಯ. ಆದರೆ ಅಡಿಮೈಯ ರೋಮ, ಗ್ರಂಥಿ, ನರಗಳ ಉಬ್ಬು ನೋಡಬೇಕಾದವರಿಗೆ ಎಲ್ಲ ಎಲೆಗಳೂ ಬೆನ್ನಡಿಯಾಗಿ ಅಂಟಿದ ಹಾಳೆ ಸಿಕ್ಕರೆ ಏನೂ ಮಾಡಲಾಗದು. ಎಲೆ ತೀರಾ ದೊಡ್ಡದಾದರೆ ಮಡಚಿ, ಇಲ್ಲವೇ ಬುಡ, ನಡು, ತುದಿ ಎಂದು ತುಂಡು ಮಾಡಿ ಎಲ್ಲಕ್ಕೂ ಸಂಖ್ಯೆ ಕಟ್ಟಿ.

ಕಾಡಿನಲ್ಲಿ ಒಣಗಿಸಲು ಬಿಸಿ ಸಿಗದಿದ್ದರೆ ನ್ಯೂಸ್‌ಪೇಪರಿನ ಕಟ್ಟನ್ನು ಗಟ್ಟಿ ಪ್ಲಾಸ್ಟಿಕ್ ಚೀಲದಲ್ಲಿಟ್ಟು 50ರಿಂದ 70 ಪ್ರತಿಶತದ ಆಲ್ಕೋಹಾಲ್ ಸುರಿದು ಗಾಳಿಯಾಡದಂತೆ ಮುಚ್ಚಿ. ವಾರಗಟ್ಟಲೆ ಕೊಳೆಯುವುದಿಲ್ಲ. ಬಣ್ಣ ಮಾತ್ರ ಕಪ್ಪಾಗುತ್ತದೆ. ಸಂಖ್ಯೆಯನ್ನು ಪೆನ್ಸಿಲ್ಲಿನಲ್ಲೇ ಬರೆಯಿರಿ. ಪೆನ್ನಿನ ಶಾಯಿ ಆಲ್ಕೋಹಾಲಿನಲ್ಲಿ ಕರಗಿಹೋಗುತ್ತದೆ. ಶಿಬಿರಕ್ಕೆ ಬಂದ ಮೇಲೆ ಹಾಳೆಗಳ ನಡುವೆ ಸುಕ್ಕುಗೆರೆಯ ರಟ್ಟು ಇಟ್ಟು, ಬೆಲ್ಟು ಬಿಗಿದು, ಕೆಳಗಿನಿಂದ ಹದವಾದ ಬಿಸಿಗಾಳಿ ಹಾಯಿಸಿ. ಒಣಗುತ್ತ ಹೋದಂತೆ ಕಟ್ಟು ಸಡಿಲವಾಗುತ್ತದೆ, ದಿನಕ್ಕೆರಡು ಸಲ ಬಿಗಿಯಬೇಕು. ಕೆಲವು ಹೂವುಗಳನ್ನು ಬೇರೆಯಾಗಿ 70 ಪ್ರತಿಶತದ ಆಲ್ಕೋಹಾಲಿನ ಬಾಟಲಿಯಲ್ಲಿಟ್ಟರೆ ಅವುಗಳ ಆಕಾರ ಹಾಗೇ ಉಳಿಯುತ್ತದೆ. ಹರ್ಬೇರಿಯಂನ ಒಳಗೆ ಇಡುವ ಮೊದಲು ಮಾದರಿಗಳನ್ನು ಕೆಲವು ದಿನ ಫ್ರೀಜರಿನಲ್ಲಿಟ್ಟು ಹುಳ ಸಾಯಿಸುತ್ತಾರೆ.

ಮೇಜಿನ ಮೇಲಿನ ಹುಡುಕಾಟ

ಜಗತ್ತಿನಲ್ಲಿ 3,000ಕ್ಕೂ ಹೆಚ್ಚು ಹರ್ಬೇರಿಯಂಗಳಿವೆ, ಅವುಗಳಲ್ಲಿ 35 ಕೋಟಿಗೂ ಜಾಸ್ತಿ ಹಾಳೆಗಳಿವೆ. 2010ರ ಒಂದು ಅಧ್ಯಯನ ಹೊಸ ಪ್ರಭೇದಗಳ ಲೆಕ್ಕ ತೆಗೆದು ನೋಡಿತು. ಮೊದಲ ಸಂಗ್ರಹವಾದ ಐದು ವರ್ಷದೊಳಗೆ ಹೆಸರು ಸಿಕ್ಕಿದ್ದು ನೂರಕ್ಕೆ 16ಕ್ಕೆ ಮಾತ್ರ. ಸುಮಾರು ಕಾಲು ಭಾಗದ ಹೆಸರುಗಳು 50 ವರ್ಷಕ್ಕಿಂತ ಹಳೆಯ ಹಾಳೆಗಳಿಂದ ಬಂದಿದ್ದವು. ಇನ್ನೂ ಹೆಸರಿಲ್ಲದ ಹೂಗಿಡಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಈಗಾಗಲೇ ಬೀರುಗಳಲ್ಲಿ ಕೂತಿರಬೇಕು ಎಂದು ಆ ಸಂಶೋಧಕರು ಅಂದಾಜಿಸಿದರು. ಕಾಡಿಗೆ ಹೋಗಲು ಅನುಕೂಲವಿಲ್ಲದವರು ನಿರಾಶರಾಗಬೇಕಿಲ್ಲ. ಹರ್ಬೇರಿಯಂನಲ್ಲಿ ಪ್ರತಿ ಕುಟುಂಬದ ಕೊನೆಗೂ "ಗುರುತಿಸಿಲ್ಲ" ಎಂಬ ಕಟ್ಟೊಂದು ಇರುತ್ತದೆ. ಮೊದಲು ಅದನ್ನು ಬಿಚ್ಚಿ.

ಪೆರುವಿನ ಮನು ರಾಷ್ಟ್ರೀಯ ಉದ್ಯಾನದಲ್ಲಿ 1973ರಲ್ಲಿ ಸಸ್ಯಶಾಸ್ತ್ರಜ್ಞ ರಾಬಿನ್ ಫಾಸ್ಟರ್ ಒಂದು ಚಿಕ್ಕ ಮರದ ಮಾದರಿ ತೆಗೆದರು. ಕಿತ್ತಳೆ ಬಣ್ಣದ, ಕಾಗದದ ಲಾಂದ್ರದಂಥ ಹಣ್ಣು. ದಶಕಗಳ ಕಾಲ ಅದು ಯಾವ ಕುಟುಂಬದ್ದು ಎಂದೇ ಯಾರಿಗೂ ಹೇಳಲಾಗಲಿಲ್ಲ. ಕೊನೆಗೆ ಡಿಎನ್‌ಎ ನೋಡಿದಾಗ ಪಿಕ್ರಾಮ್ನಿಯೇಸಿ ಎಂಬ ಪುಟ್ಟ ಕುಟುಂಬದಲ್ಲಿ ಬಂದು ಕೂತಿತು. 2021ರಲ್ಲಿ ಅದಕ್ಕೆ ಹೊಸ ಕುಲವೇ ಆಯಿತು: ಏನಿಗ್ಮಾನು ಅಲ್ವಾರೆಜಿಯೇ. ಕುಲದ ಹೆಸರಿನಲ್ಲೇ ಮನುವಿನ ಒಗಟು ಅಡಗಿದೆ.

ಈಗ ನಿಮ್ಮ ಮರ. ಲಭ್ಯವಿರುವ ಗುರುತಿನ ಕೀಲಿಗಳಲ್ಲಿ, ಅಂದರೆ ಎರಡೆರಡು ಲಕ್ಷಣಗಳಲ್ಲಿ ಒಂದನ್ನು ಆರಿಸುತ್ತ ಹೆಸರಿಗೆ ತಲುಪುವ ಪಟ್ಟಿಗಳಲ್ಲಿ, ಅದನ್ನು ಇಳಿಸಿ ನೋಡಿ. ಎಲ್ಲೋ ಒಂದು ಕಡೆ ಎರಡೂ ಆಯ್ಕೆ ಹೊಂದದೆ ನಿಂತುಹೋಗುತ್ತದೆ. ಆ ಜಾಗದ ಅಕ್ಕಪಕ್ಕದ ಪ್ರಭೇದಗಳ ಹಾಳೆಗಳನ್ನೆಲ್ಲ ತರಿಸಿ. ಅವುಗಳ ಟೈಪ್ ಮಾದರಿ, ಅಂದರೆ ಆ ಹೆಸರಿಗೆ ಆಧಾರವಾದ ಮೂಲ ಹಾಳೆ, ಅದನ್ನು ನೋಡದೆ ಮುಂದೆ ಹೋಗಬೇಡಿ. ಈಗ ಬಹುಪಾಲು ಟೈಪ್‌ಗಳ ಚಿತ್ರ ಇಂಟರ್‌ನೆಟ್ಟಿನಲ್ಲಿದೆ. ಪಕ್ಕದ ದೇಶದಲ್ಲಿ ನೂರು ವರ್ಷದ ಹಿಂದೆ ಇಟ್ಟು ಎಲ್ಲರೂ ಮರೆತ ಹೆಸರು ನಿಮ್ಮ ಮರದ್ದೇ ಆಗಿರಬಹುದು. ಬಿದ್ದುಹೋದ ಹೆಸರುಗಳನ್ನೂ ಒಂದೊಂದಾಗಿ ನೋಡಬೇಕಾದದ್ದು ಅದಕ್ಕೇ.

ಒಣಗಿದ ಹೂವನ್ನು ಬಿಸಿನೀರಿಗೆ ಒಂದು ಹನಿ ಸೋಪು ಹಾಕಿ ನೆನೆಸಿದರೆ ಮೆತ್ತಗಾಗುತ್ತದೆ. ಸೂಕ್ಷ್ಮದರ್ಶಕದ ಕೆಳಗಿಟ್ಟು ಎರಡು ಸೂಜಿಗಳಿಂದ ಎಸಳು ಬಿಡಿಸಿ. ಕೇಸರಗಳೆಷ್ಟು, ಪರಾಗದ ಚೀಲ ಉದ್ದಕ್ಕೆ ಬಿರಿಯುತ್ತದೆಯೇ ತೂತಿನಿಂದ ಉದುರಿಸುತ್ತದೆಯೇ, ಅಂಡಾಶಯದಲ್ಲಿ ಕೋಣೆಗಳೆಷ್ಟು, ಪ್ರತಿ ಕೋಣೆಯಲ್ಲಿ ಅಂಡಕಗಳೆಷ್ಟು. ಒಂದು ಹೂವಿಗೆ ಅರ್ಧ ದಿನ ಹೋದರೂ ಪರವಾಗಿಲ್ಲ. ಹೂವು ಮುಗಿದುಹೋದರೆ ಮತ್ತೆ ಸಿಗದು ಎಂಬುದು ನೆನಪಿರಲಿ. ಬಿಡಿಸಿದ ತುಣುಕುಗಳನ್ನು ಚಿಕ್ಕ ಲಕೋಟೆಯಲ್ಲಿ ಹಾಕಿ ಅದೇ ಹಾಳೆಗೆ ಅಂಟಿಸಿ.

ಎಷ್ಟು ಬೇರೆ ಇದ್ದರೆ ಬೇರೆ?

ಈ ಕೆಲಸದಲ್ಲಿ ನಿಜವಾಗಿ ತಲೆ ತಿನ್ನುವ ಪ್ರಶ್ನೆ ಇದು. ಎಲೆ ಎರಡು ಸೆಂಟಿಮೀಟರ್ ಹೆಚ್ಚು ಉದ್ದ ಇದೆ ಎಂದು ಹೊಸ ಹೆಸರಿಡಲು ಆಗದು. ಒಂದೇ ಮರದ ನೆರಳಿನ ಎಲೆಗೂ ಬಿಸಿಲಿನ ಎಲೆಗೂ ಅಜಗಜಾಂತರ ಇರುತ್ತದೆ. ಎಳೆ ಮರದ ಎಲೆ ಬಲಿತ ಮರದ ಎಲೆಯ ಎರಡು ಮೂರು ಪಟ್ಟು ದೊಡ್ಡದಿರಬಹುದು. ಎತ್ತರದ ಏಣಿನಲ್ಲಿ ಬೆಳೆದದ್ದು ಗಿಡ್ಡವಾಗಿ, ದಪ್ಪ ಎಲೆಯೊಂದಿಗೆ ಬೇರೆಯದೇ ಮರದಂತೆ ಕಾಣುತ್ತದೆ.

ಒಂದಕ್ಕೊಂದು ಸಂಬಂಧವಿಲ್ಲದ ಕನಿಷ್ಠ ಎರಡು ಲಕ್ಷಣಗಳಲ್ಲಿ, ನಡುವೆ ಮೆಟ್ಟಿಲುಗಳಿಲ್ಲದ ಅಂತರ ಇರಬೇಕು ಎಂಬುದು ನಾನು ಒಪ್ಪುವ ಅಳತೆಗೋಲು. ಎಲೆ ದೊಡ್ಡದು, ತೊಟ್ಟು ಉದ್ದ ಎಂದರೆ ಎರಡು ಲಕ್ಷಣ ಆಗಲಿಲ್ಲ, ಅವು ಜೊತೆಜೊತೆಗೇ ಬೆಳೆಯುತ್ತವೆ. ಎಲೆಯ ಅಡಿಯಲ್ಲಿ ನಕ್ಷತ್ರದಂಥ ರೋಮ, ಜೊತೆಗೆ ಹಣ್ಣಿನಲ್ಲಿ ಮೂರರ ಬದಲು ಐದು ಕೋಣೆ ಎಂದರೆ ಮಾತು ಬೇರೆ. ಹತ್ತಾರು ಹಾಳೆಗಳನ್ನು ಅಳೆದು ಪಟ್ಟಿ ಮಾಡಿ. ಎರಡು ಗುಂಪುಗಳ ಅಳತೆಗಳು ನಡುವೆ ಸೇರಿಕೊಳ್ಳುತ್ತಿದ್ದರೆ ಸ್ವಲ್ಪ ಕಾಯಿರಿ. ಇದ್ದ ಪ್ರಭೇದವನ್ನೇ ಎರಡನೇ ಸಲ ಹೆಸರಿಟ್ಟರೆ ಮುಂದಿನವರು ಅದನ್ನು ತೆಗೆದುಹಾಕಲು ಮತ್ತೊಂದು ಪ್ರಬಂಧ ಬರೆಯಬೇಕು.

ಡಿಎನ್‌ಎ ಇಲ್ಲಿ ಒಳ್ಳೆಯ ಸಾಕ್ಷಿ. ಆರ್‌ಬಿಸಿಎಲ್, ಮ್ಯಾಟ್‌ಕೆ, ಐಟಿಎಸ್ ಎಂಬ ತುಣುಕುಗಳನ್ನು ಬಹಳ ದಿನದಿಂದ ಬಳಸುತ್ತಿದ್ದಾರೆ. ಈಗ ಹೂಗಿಡಗಳಿಗೆಲ್ಲ ಹೊಂದುವ 353 ಜೀನುಗಳ ಒಂದು ಸೆಟ್ ಇದೆ, ಹಳೆಯ ಒಣ ಹಾಳೆಗಳಿಂದಲೂ ಅದರಿಂದ ಮಾಹಿತಿ ಬರುತ್ತದೆ. ಆದರೆ ಡಿಎನ್‌ಎ ಕಡ್ಡಾಯವೇನಲ್ಲ. ಮರ ಯಾವ ಕುಲಕ್ಕೆ ಸೇರುತ್ತದೆ ಎಂಬುದೇ ಗೊಂದಲವಾದಾಗ ಅದರ ಬೆಲೆ ದೊಡ್ಡದು. ಹತ್ತಿರದ ಎರಡು ಪ್ರಭೇದಗಳನ್ನು ಬೇರ್ಪಡಿಸಲು ಎರಡು ಮೂರು ತುಣುಕುಗಳು ಎಷ್ಟೋ ಸಲ ಸಾಲುವುದೇ ಇಲ್ಲ.

ಹೆಸರು

ಸಸ್ಯಗಳ ಹೆಸರಿಗೆ ಅಂತರರಾಷ್ಟ್ರೀಯ ಸಂಹಿತೆಯಿದೆ. ಲಿನ್ನೇಯಸ್‌ನ 1753ರ ಗ್ರಂಥದಿಂದ ಅದರ ಲೆಕ್ಕ ಶುರು. ಆರು ವರ್ಷಕ್ಕೊಮ್ಮೆ ನಡೆಯುವ ಸಸ್ಯಶಾಸ್ತ್ರ ಮಹಾಸಭೆಯ ನಂತರ ಅದನ್ನು ಪರಿಷ್ಕರಿಸುತ್ತಾರೆ. ಇತ್ತೀಚಿನದು 2024ರಲ್ಲಿ ಮ್ಯಾಡ್ರಿಡ್‌ನಲ್ಲಿ ನಡೆಯಿತು.

ಅದೇ ಕುಲದಲ್ಲಿ ಆ ಹೆಸರು ಹಿಂದೆ ಯಾರಾದರೂ ಬಳಸಿದ್ದರೆ, ಅದು ಬಿದ್ದುಹೋಗಿದ್ದರೂ, ಮತ್ತೆ ಬಳಸುವಂತಿಲ್ಲ. ಐಪಿಎನ್‌ಐ ಎಂಬ ಅಂತರರಾಷ್ಟ್ರೀಯ ಸಸ್ಯನಾಮಗಳ ಪಟ್ಟಿಯಲ್ಲಿ ನೋಡಿದರೆ ಗೊತ್ತಾಗುತ್ತದೆ. ಹೆಸರಿನ ಮೊದಲ ಪದ ಕುಲದ್ದು; ಎರಡನೇ ಪದ ಗುಣವಾಚಕವಾದರೆ ಆ ಕುಲದ ಲಿಂಗಕ್ಕೆ ಹೊಂದಬೇಕು. ಇಲ್ಲಿ ಎಡವುವುದು ಸುಲಭ. ಲ್ಯಾಟಿನ್‌ನಲ್ಲಿ "ಅಸ್" ಎಂದು ಮುಗಿದರೂ ಎಷ್ಟೋ ಮರಗಳು ಹೆಣ್ಣು. ಅರಳಿಮರ ಫೈಕಸ್ ರಿಲಿಜಿಯೋಸಾ ಆಗಿದೆ, ರಿಲಿಜಿಯೋಸಸ್ ಆಗಿಲ್ಲ, ನೋಡಿ. ವ್ಯಕ್ತಿಯ ಹೆಸರಿಡುವಾಗ ಗಂಡಸಾದರೆ ಒಂದು ಪ್ರತ್ಯಯ, ಹೆಂಗಸಾದರೆ ಇನ್ನೊಂದು. ಅಲ್ವಾರೆಜಿಯೇ ಎಂಬುದರ ಕೊನೆ ಒಬ್ಬ ಮಹಿಳೆಯನ್ನು ಸೂಚಿಸುತ್ತದೆ. ಹೆಸರನ್ನು ಹಾಗೇ ನಾಮಪದವಾಗಿ ಇಟ್ಟರೆ ಈ ಗೊಡವೆ ಇಲ್ಲ. ಕ್ಯಾಮರೂನ್‌ನ ಎಬೋ ಕಾಡಿನ ಯುವೇರಿಯಾಪ್ಸಿಸ್ ಡಿಕಾಪ್ರಿಯೊ ಹಾಗೆ ಬಂದದ್ದು. ಆ ಕಾಡನ್ನು ಕಡಿಯುವ ಯೋಜನೆಯ ವಿರುದ್ಧ ದನಿ ಎತ್ತಿದ ನಟ ಲಿಯೊನಾರ್ಡೊ ಡಿಕಾಪ್ರಿಯೊ ಗೌರವಕ್ಕೆ 2022ರಲ್ಲಿ ಇಟ್ಟ ಹೆಸರು.

ತನ್ನ ಹೆಸರನ್ನು ತಾನೇ ಇಡುವುದು ಮರ್ಯಾದೆಯಲ್ಲ, ನಿಯಮ ತಡೆಯದಿದ್ದರೂ. ನನ್ನನ್ನು ಕೇಳಿದರೆ ಮರದ ಲಕ್ಷಣ, ಅದರ ಜಾಗ, ಅಲ್ಲಿಯವರು ಕರೆಯುವ ಹೆಸರು ಇವೇ ಮೊದಲ ಆಯ್ಕೆ. ಜಾಗದ ಹೆಸರಿಡುವಾಗ ಮಾತ್ರ ಎಚ್ಚರ: ನಾಳೆ ಅದೇ ಮರ ಪಕ್ಕದ ದೇಶದಲ್ಲಿ ಜಾಸ್ತಿ ಸಿಕ್ಕರೆ ಹೆಸರು ಸುಳ್ಳಾಡುತ್ತದೆ, ಬದಲಿಸಲೂ ಆಗದು.

ವಿವರಣೆ ಬರೆಯುವಾಗ

ಹೆಸರು ಮಾನ್ಯವಾಗಲು ಬೇಕಾದದ್ದು ಹೆಚ್ಚೇನಿಲ್ಲ, ಆದರೆ ಒಂದು ತಪ್ಪಿದರೂ ಹೆಸರು ಹುಟ್ಟಿದಂತೆಯೇ ಅಲ್ಲ. ಲ್ಯಾಟಿನ್‌ನಲ್ಲೋ ಇಂಗ್ಲಿಷ್‌ನಲ್ಲೋ ವಿವರಣೆ, ಇಲ್ಲವೇ ಹತ್ತಿರದ ಪ್ರಭೇದಗಳಿಂದ ಹೇಗೆ ಬೇರೆ ಎಂಬ ಟಿಪ್ಪಣಿ ಇರಬೇಕು. 2012ಕ್ಕೆ ಮುಂಚೆ ಲ್ಯಾಟಿನ್ ಒಂದೇ ಆಗಿತ್ತು. ಹೋಲೋಟೈಪ್ (ಹೆಸರಿಗೆ ಆಧಾರವಾದ ಮೂಲ ಹಾಳೆ) ಆಗುವ ಒಂದೇ ಒಂದು ಮಾದರಿಯನ್ನು ಸಂಗ್ರಹಿಸಿದವರ ಹೆಸರು, ಸಂಖ್ಯೆ, ದಿನಾಂಕದ ಸಮೇತ ಸೂಚಿಸಬೇಕು. ಅದು ಯಾವ ಹರ್ಬೇರಿಯಂನಲ್ಲಿದೆ ಎಂದೂ ಹೇಳಬೇಕು. ಅದೇ ಸಂಗ್ರಹದ ಉಳಿದ ಪ್ರತಿಗಳು ಐಸೋಟೈಪ್‌ಗಳಾಗುತ್ತವೆ. ಹೋಲೋಟೈಪನ್ನು ಮರ ಬೆಳೆದ ದೇಶದ ಹರ್ಬೇರಿಯಂನಲ್ಲಿ ಇಡುವುದು ಸರಿಯಾದ ಕ್ರಮ. ಪ್ರತಿಗಳನ್ನು ನಾಲ್ಕಾರು ಕಡೆ ಹಂಚಿ. ಎರಡನೇ ಮಹಾಯುದ್ಧದಲ್ಲಿ ಬರ್ಲಿನ್‌ನ ಹರ್ಬೇರಿಯಂ ಬಾಂಬಿಗೆ ಸಿಕ್ಕಿ ಸಾವಿರಾರು ಟೈಪ್‌ಗಳು ಸುಟ್ಟುಹೋದವು. ಬೇರೆ ಕಡೆ ಪ್ರತಿಗಳಿದ್ದ ಹೆಸರುಗಳು ಮಾತ್ರ ಸುಲಭವಾಗಿ ಪಾರಾದವು.

ಬೇರೆಯಾಗಿರುವುದನ್ನು ಹೇಳುವ ಟಿಪ್ಪಣಿ ಚಿಕ್ಕದಾಗಿ, ಮೊನಚಾಗಿರಲಿ. "ಆ ಪ್ರಭೇದವನ್ನು ಹೋಲುತ್ತದೆ; ಆದರೆ ಎಲೆಯ ಅಡಿಮೈ ನುಣುಪು (ಅದರಲ್ಲಿ ರೋಮಮಯ), ಕೇಸರ 10 (ಅದರಲ್ಲಿ 20ರಿಂದ 25), ಹಣ್ಣು ತೊಟ್ಟಿಲ್ಲದ್ದು." ಇಷ್ಟೇ. ಪೂರ್ತಿ ವಿವರಣೆಯಲ್ಲಿ ಮರದ ನಿಲುವಿನಿಂದ ಬೀಜದವರೆಗೆ ಕ್ರಮವಾಗಿ ಬನ್ನಿ. ಅಳತೆಗಳನ್ನು ಒಂದೇ ಮಾದರಿಯಿಂದ ತೆಗೆಯದೆ ಸಿಕ್ಕ ಎಲ್ಲವುಗಳಿಂದ ತೆಗೆಯಿರಿ. ಜೊತೆಗೆ ರೇಖಾಚಿತ್ರ. ಫೋಟೋ ಇದ್ದರೂ ರೇಖಾಚಿತ್ರ ಬೇಕು ಎಂದು ನಾನು ಹಟ ಹಿಡಿಯುತ್ತೇನೆ. ಒಳ್ಳೆಯ ಚಿತ್ರಗಾರ ಸೀಳಿದ ಹೂವನ್ನು ಬಿಡಿಸುವಾಗ ನೀವು ಗಮನಿಸದ ಒಂದು ಗ್ರಂಥಿಯನ್ನು ತೋರಿಸಿ "ಇದೇನು?" ಎಂದು ಕೇಳುತ್ತಾನೆ. ಕೊನೆಗೆ ನಿಮ್ಮ ಮರವನ್ನೂ ಸೇರಿಸಿ ಗುರುತಿನ ಕೀಲಿಯನ್ನು ಹೊಸದಾಗಿ ಬರೆಯಿರಿ.

ಅಳಿವಿನ ಅಪಾಯದ ಅಂದಾಜನ್ನೂ ಅಲ್ಲೇ ಕೊಡುವುದು ಈಗ ರೂಢಿ. ಅಪಾಯದಲ್ಲಿರುವ ಜೀವಿಗಳ ಕೆಂಪು ಪಟ್ಟಿ ಮಾಡುವ ಐಯುಸಿಎನ್ ಸಂಸ್ಥೆಯ ಮಾನದಂಡದಲ್ಲಿ ಮರ ಬೆಳೆದಿರುವ ಜಾಗವನ್ನು 2 ಕಿಲೋಮೀಟರ್ ಚೌಕಗಳಲ್ಲಿ ಎಣಿಸುತ್ತಾರೆ. ಬಲಿತ ಮರಗಳು 50ಕ್ಕಿಂತ ಕಡಿಮೆ ಇದ್ದರೆ ಅಷ್ಟಕ್ಕೇ ಅದು ತೀವ್ರ ಅಪಾಯದ ಪಟ್ಟಿಗೆ ಹೋಗುತ್ತದೆ. ಮೊದಲು ಹೇಳಿದ ಜುಯೆರಾನಾ-ಫಕಾವ್ ಪ್ರಬಂಧ ಬಂದಾಗ ಗೊತ್ತಿದ್ದ ಮರಗಳು ಸುಮಾರು 25. ಕಳ್ಳಸಾಗಣೆಯ ಭಯವಿರುವ ಗುಂಪಾದರೆ ಜಾಗದ ನಿಖರ ಅಕ್ಷಾಂಶ ರೇಖಾಂಶವನ್ನು ಅಚ್ಚು ಮಾಡಬೇಡಿ.

ಪ್ರಕಟಣೆ ಮತ್ತು ಅದರ ನಂತರ

ಪತ್ರಿಕೆಯಲ್ಲಿ ಸುದ್ದಿ ಬಂದ ಮಾತ್ರಕ್ಕೆ, ಸಮ್ಮೇಳನದಲ್ಲಿ ಹೇಳಿದ ಮಾತ್ರಕ್ಕೆ ಹೆಸರು ಮಾನ್ಯವಾಗದು. ಮುದ್ರಿತ ಪ್ರತಿ ಹಂಚಿಕೆಯಾಗಬೇಕು, ಇಲ್ಲವೇ ಐಎಸ್‌ಎಸ್‌ಎನ್ ಅಥವಾ ಐಎಸ್‌ಬಿಎನ್ ಇರುವ ಕಡೆ ಪಿಡಿಎಫ್ ಆಗಿ ಬರಬೇಕು. 2012ರಿಂದ ಅದಕ್ಕೆ ಅವಕಾಶವಿದೆ. ಫೈಟೋಟ್ಯಾಕ್ಸಾ, ಫೈಟೋಕೀಸ್, ಕ್ಯೂ ಬುಲೆಟಿನ್, ಬ್ಲೂಮಿಯಾ ಇಂಥ ನಿಯತಕಾಲಿಕಗಳು ಈ ಬಗೆಯ ಪ್ರಬಂಧಗಳಿಗೆಂದೇ ಇವೆ. ವಿಮರ್ಶಕರ ಕೈಯಲ್ಲಿ ತಿಂಗಳುಗಟ್ಟಲೆ ಇರುತ್ತದೆ. ಅಲ್ಲಿಯವರೆಗೆ ಹೊಸ ಹೆಸರನ್ನು ಎಲ್ಲೂ ಬಾಯಿಬಿಡಬೇಡಿ. ವಿಮರ್ಶಕರು "ಆ ಹಳೆಯ ಟೈಪ್ ನೋಡಿದ್ದೀರಾ?" ಎಂದು ಕೇಳಿದರೆ ಸಿಟ್ಟಾಗದೆ ಹೋಗಿ ನೋಡಿ ಬನ್ನಿ.

ಅಚ್ಚಾದ ಮೇಲೆ ಐಪಿಎನ್‌ಐಯವರು ಹೆಸರನ್ನು ಪಟ್ಟಿಗೆ ಸೇರಿಸುತ್ತಾರೆ. ವರ್ಷಕ್ಕೆ ಸುಮಾರು 2,000 ಹೊಸ ಗಿಡಮರಗಳ ಹೆಸರು ಹಾಗೆ ಸೇರುತ್ತವೆ. ಪ್ರಬಂಧದ ಪ್ರತಿಯನ್ನು, ಅಲ್ಲಿಯ ಭಾಷೆಯಲ್ಲಿ ಒಂದು ಪುಟದ ಸಾರಾಂಶದ ಜೊತೆ, ಜಾಗ ತೋರಿಸಿದವರಿಗೆ ಮತ್ತು ಅರಣ್ಯ ಇಲಾಖೆಗೆ ಕಳಿಸಿ. ಆಮೇಲೆ ನೀವು ನೋಡಿದ ಎಲ್ಲ ಹರ್ಬೇರಿಯಂಗಳಿಗೂ ಹೊಸ ಹೆಸರು, ನಿಮ್ಮ ಹೆಸರು, ವರ್ಷ ಬರೆದ ಚೀಟಿಗಳನ್ನು ಕಳಿಸಬೇಕು. ಇಷ್ಟು ವರ್ಷ "ಗುರುತಿಸಿಲ್ಲ" ಕಟ್ಟಿನಲ್ಲೋ, ತಪ್ಪು ಹೆಸರಿನ ಮಡಿಕೆಯಲ್ಲೋ ಇದ್ದ ಹಾಳೆಗಳ ಮೇಲೆ ಅಲ್ಲಿಯವರು ಅವನ್ನು ಅಂಟಿಸಿ ಸರಿಯಾದ ಬೀರುವಿಗೆ ಸೇರಿಸುತ್ತಾರೆ. ಹಳೆಯ ಚೀಟಿಯನ್ನು ಕೀಳುವುದಿಲ್ಲ, ಹೊಸದನ್ನು ಅದರ ಪಕ್ಕದಲ್ಲೇ ಹಚ್ಚುತ್ತಾರೆ.